ಮಹಡಿಯ ಮರಕ್ಕೆ ನೀರು ಸುರಿದ ಚೆನ್ನಿಯಪ್ಪನ್

ಚೆನ್ನಿಯಪ್ಪನ್‌ಗೆ ಸಿಟ್ಟು ಬಂದರೆ ಕೋಯಮತ್ತೂರು ಹತ್ತಿರದ ಸೋಮನೂರಿನ ಮೂರು ಬೀದಿಗೆ ಗೊತ್ತಾಗುತ್ತದೆ ಎಂದು ಜನ ಹೇಳುತ್ತಾರೆ. ಇದು ಸುಳ್ಳು. ಅವನ ಶೆಡ್ಡಿನಲ್ಲಿ ಎಂಟು ಪವರ್‌ಲೂಮು ಒಟ್ಟಿಗೆ ಓಡುವಾಗ ಅವನ ಕೂಗು ಪಕ್ಕದ ಮನೆಗೂ ಕೇಳುವುದಿಲ್ಲ. ಕರೆಂಟು ಹೋದಾಗ ಮಾತ್ರ ಮೂರು ಬೀದಿಗೆ ಕೇಳುತ್ತದೆ. ಕರೆಂಟು ದಿನಾ ಹೋಗುತ್ತದೆ, ಅದು ಬೇರೆ ಮಾತು.

ವಯಸ್ಸು ಐವತ್ತೆಂಟು. ಓದಿದ್ದು ಐದನೇ ಕ್ಲಾಸು, ಅದೂ ತಮಿಳಿನಲ್ಲಿ. ಮನೆಮಾತು ಕನ್ನಡ, ಆದರೆ ಒಂದು ಅಕ್ಷರ ಓದಲು ಬಾರದು. ಅವನ ಹಿರಿಯರು ಯಾವುದೋ ಕಾಲದಲ್ಲಿ ಎತ್ತು ಹೊಡೆದುಕೊಂಡು ಘಟ್ಟ ಇಳಿದು ಬಂದು ಇಲ್ಲಿ ಹತ್ತಿ ಬೆಳೆದರು. ಇವನು ಹತ್ತಿ ಬೆಳೆಯುವುದು ಬಿಟ್ಟು ನೇಯಲು ಕುಳಿತ. ಹೆಂಡತಿ ಪೆರಿಯನಾಯಕಿ. ಒಬ್ಬಳೇ ಮಗಳು ಅವಿನಾಶಿಗೆ ಮದುವೆಯಾಗಿ ಹೋಗಿದ್ದಾಳೆ, ವಾರಕ್ಕೊಮ್ಮೆ ಬಂದು ಅಪ್ಪನ ಜೊತೆ ಜಗಳ ಆಡಿ, ಊಟ ಮಾಡಿ ಹೋಗುತ್ತಾಳೆ.

ಅವನ ಶೆಡ್ಡಿಗೆ ಒಂದೇ ಕಾನೂನು: ಒಳಗೆ ಬೆಂಕಿ ಇಲ್ಲ. ಮಗ್ಗ ಓಡುವ ಕಡೆ ಹತ್ತಿಯ ಧೂಳು ಹಾರುತ್ತದೆ. ಅದಕ್ಕೆ ಅಲ್ಲಿ ಪಂಜು ಎನ್ನುತ್ತಾರೆ. ತೊಲೆ, ಕಿಟಕಿ, ಬಲ್ಬು, ಚೆನ್ನಿಯಪ್ಪನ್‌ನ ಹುಬ್ಬು, ಎಲ್ಲದರ ಮೇಲೂ ಪಂಜು. ಇಪ್ಪತ್ತೈದು ವರ್ಷದ ಕೆಳಗೆ ಅವನ ಅಣ್ಣನ ಶೆಡ್ಡು ಯಾರೋ ಎಸೆದ ಬೀಡಿಯಿಂದ ಹತ್ತಿಕೊಂಡು, ನೀರು ತರುವಷ್ಟರಲ್ಲಿ ಬೂದಿಯಾಗಿತ್ತು. ಅಂದು ಚೆನ್ನಿಯಪ್ಪನ್ ಖಾಲಿ ಬಿಂದಿಗೆ ಹಿಡಿದು ನಿಂತಿದ್ದ. ಅಂದಿನಿಂದ ಆಯುಧಪೂಜೆಗೂ ಅವನ ಶೆಡ್ಡಿನೊಳಗೆ ಕರ್ಪೂರ ಇಲ್ಲ. ಹೊರಗೆ ಮೆಟ್ಟಿಲ ಕಲ್ಲಿನ ಮೇಲೆ ಹಚ್ಚಿ, ಅಲ್ಲಿಂದಲೇ ಮಗ್ಗಗಳಿಗೆ ತೋರಿಸುತ್ತಾನೆ. ದೇವರಿಗೇ ಇಲ್ಲದ ರಿಯಾಯಿತಿ ಬೇರೆಯವರಿಗೆ ಎಲ್ಲಿಂದ ಬರಬೇಕು?

ಶೆಡ್ಡಿನ ತಲೆಯ ಮೇಲೆ ಮಹಡಿಯ ಮನೆ. ಅದಕ್ಕೆ ಡೆನ್ಮಾರ್ಕಿನ ಸಂಸಾರವೊಂದು ಬಾಡಿಗೆಗೆ ಬಂತು. ಗಂಡ ಮೊರ್ಟನ್, ಪಲ್ಲಡಂ ಕಡೆಯ ಗಾಳಿಯಂತ್ರಗಳ ಕಂಬ ಹತ್ತಿ ರಿಪೇರಿ ಮಾಡುವವನು. ಹೆಂಡತಿ ಲೀಸೆ. ಏಳು ವರ್ಷದ ಮಗಳು ಕಾರೆನ್. ಕಂಪನಿಯವರು ಕೋಯಮತ್ತೂರಿನ ಸಿಂಗಾನಲ್ಲೂರಿನಲ್ಲಿ ಲಿಫ್ಟ್ ಇರುವ ಫ್ಲಾಟ್ ತೋರಿಸಿದ್ದರು. ಆದರೆ ಮನೆ ನೋಡಲು ಬಂದ ದಿನ ಕಾರೆನ್ ಮಗ್ಗದ ಶೆಡ್ಡಿನ ಬಾಗಿಲಲ್ಲಿ ಕುಳಿತವಳು ಏಳಲಿಲ್ಲ. ಹೊರಡೋಣ ಎಂದರೆ ಕಿವಿ ಮುಚ್ಚಿಕೊಂಡಳಂತೆ. ಎಂಟು ಮಗ್ಗದ ಸದ್ದಿಗೆ ಕಿವಿ ಮುಚ್ಚದ ಹುಡುಗಿ ಅಪ್ಪ ಅಮ್ಮನ ಮಾತಿಗೆ ಮುಚ್ಚಿಕೊಂಡಳು. ಚೆನ್ನಿಯಪ್ಪನ್‌ಗೆ ಅದು ಸರಿ ಎನಿಸಿತು.

ಆರು ತಿಂಗಳಲ್ಲಿ ಹುಡುಗಿ ತಮಿಳು ಕಲಿತಳು. ದಿನಾ ಸಂಜೆ ಐದೂವರೆಗೆ ಶೆಡ್ಡಿನ ಹೊಸ್ತಿಲಿಗೆ ಬಂದು, ನೂಲು ಸುತ್ತಿದ ಕಡ್ಡಿಗಳನ್ನು ಪೆಟ್ಟಿಗೆಯಲ್ಲಿ ಸಾಲಾಗಿ ಜೋಡಿಸುವಳು. ತಾರು ಎಂದು ಕರೆಯುವ ಆ ಕಡ್ಡಿಗಳೇ ಲಾಳಿಯ ಹೊಟ್ಟೆಗೆ ಹೋಗುವುದು. ಚೆನ್ನಿಯಪ್ಪನ್ ಅವುಗಳನ್ನು ನಲವತ್ತು ವರ್ಷ ರಾಶಿ ಹಾಕಿಕೊಂಡೇ ಕೆಲಸ ಮಾಡಿದವನು. "ಸಾಲು ಇದ್ದರೂ ಅದೇ ಬಟ್ಟೆ, ಇಲ್ಲದಿದ್ದರೂ ಅದೇ ಬಟ್ಟೆ" ಎನ್ನುತ್ತಿದ್ದ. ಆದರೆ ಐದೂವರೆಯಾಗುತ್ತಲೇ ಪೆಟ್ಟಿಗೆಯನ್ನು ತಾನೇ ಹೊಸ್ತಿಲ ಹತ್ತಿರ ಸರಿಸಿ ಇಡುತ್ತಿದ್ದ.

ಡಿಸೆಂಬರ್ ಬಂತು. ಗಾಳಿಯಂತ್ರದ ಕಂಪನಿಯಲ್ಲಿ ದಿವಾಕರ್ ಎಂಬ ಇಂಜಿನಿಯರ್ ಇದ್ದ, ತುಮಕೂರು ಕಡೆಯವನು. ಮಹಡಿಯವರು ಚೆನ್ನಿಯಪ್ಪನ್‌ಗೆ ಏನಾದರೂ ಹೇಳಬೇಕಾದರೆ ಇಂಗ್ಲಿಷಿನಲ್ಲಿ ದಿವಾಕರ್‌ಗೆ ಹೇಳುವರು, ಅವನು ಕನ್ನಡದಲ್ಲಿ ಇವನಿಗೆ ಹೇಳುವನು. ದಿವಾಕರ್ ಒಳ್ಳೆಯ ಹುಡುಗ. ಒಂದೇ ದೋಷ: ಯಾರ ಮಾತನ್ನೂ ಇದ್ದ ಹಾಗೆ ದಾಟಿಸುವುದಿಲ್ಲ. ಎರಡೂ ಕಡೆ ಅಂಚು ತೇಯ್ದು, ಕೈಗೆ ತಾಗದ ಹಾಗೆ ಮಾಡಿ ಕೊಡುತ್ತಾನೆ.

"ಯಜಮಾನ್ರೇ, ಅವರಿಗೆ ಒಂದು ಮರ ಬೇಕಂತೆ."

"ಹೊರಗ ಬೇವಿನ ಮರ ಐತಲ್ಲ ತಂಬಿ. ಎಷ್ಟು ಬೇಕಾದ್ರೂ ನೋಡಲಿ."

"ಹಾಗಲ್ಲ. ಮನೆ ಒಳಗೆ ನಿಲ್ಲಿಸೋಕೆ. ಸೂಜಿ ಎಲೆ ಇರೋದು, ಮೇಲೆ ಚೂಪಾಗಿರೋದು. ಕ್ರಿಸ್‌ಮಸ್‌ಗೆ."

"ಕೋಯಮತ್ತೂರು ಅಂಗಡೀಲಿ ಪ್ಲಾಸ್ಟಿಕ್ ಮರ ಸಿಗ್ತದೆ. ವರ್ಷಾ ವರ್ಷಾ ಅದನ್ನೇ ಬಿಚ್ಚಿ ನಿಲ್ಲಿಸಬೋದು."

ದಿವಾಕರ್ ಅದನ್ನು ಲೀಸೆಗೆ ಹೇಳಿದ. ಲೀಸೆಯ ಮುಖ ನೋಡಿದ ಚೆನ್ನಿಯಪ್ಪನ್‌ಗೆ ತರ್ಜುಮೆ ಬೇಕಾಗಲಿಲ್ಲ. ಪವರ್‌ಲೂಮಿನ ಬಟ್ಟೆಯನ್ನು ಕೈಮಗ್ಗದ್ದು ಎಂದು ಮಾರುವವನನ್ನು ಕಂಡರೆ ತನ್ನ ಮುಖವೂ ಹಾಗೇ ಆಗುತ್ತದೆ.

"ಸರಿ ಸರಿ, ತತ್ತೀನಿ. ಮರದ ಕೆಳಗ ಏನ್ ಮಾಡ್ತಾರೆ?"

"ಏನಿಲ್ಲ, ಅಲಂಕಾರ ಮಾಡ್ತಾರೆ. ಕೈ ಕೈ ಹಿಡ್ಕೊಂಡು ಸುತ್ತ ಹಾಡ್ತಾರೆ. ಅಷ್ಟೇ."

ಚೆನ್ನಿಯಪ್ಪನ್ ಗೆಳೆಯನ ತೋಪಿನಿಂದ ಆಳೆತ್ತರದ ಸವುಕ್ಕು ಮರ ಕಡಿದು ತಂದ. ಕರ್ನಾಟಕದವರು ಗಾಳಿಮರ ಎನ್ನುವುದು ಅದನ್ನೇ. ಮಹಡಿಯವರು ಅದನ್ನು ಮುಂದಿನ ಕೋಣೆಯಲ್ಲಿ ನಿಲ್ಲಿಸಿ ಬಾಗಿಲು ಹಾಕಿಕೊಂಡರು. ಎರಡು ದಿನ ಬಾಗಿಲು ತೆಗೆಯಲಿಲ್ಲ. ಇಪ್ಪತ್ನಾಲ್ಕರ ಸಂಜೆಯವರೆಗೆ ಮಕ್ಕಳು ಮರ ನೋಡಬಾರದು ಎಂದು ಅವರಲ್ಲಿ ಪದ್ಧತಿ. ಕೀಲಿಯ ತೂತಿಗೂ ಬಟ್ಟೆ ತುರುಕಿದ್ದರು. ಕಾರೆನ್ ಆ ಎರಡು ದಿನ ತಾರು ಜೋಡಿಸುತ್ತ, "ತಾತಾ, ನೀನು ತಂದವನಲ್ಲವಾ, ಎಷ್ಟು ಎತ್ತರ ಹೇಳು" ಎಂದು ಪೀಡಿಸಿದಳು. ತಾತ ಬಾಯಿ ಬಿಡಲಿಲ್ಲ. ಇಪ್ಪತ್ನಾಲ್ಕಕ್ಕೆ ಗಂಡ ಹೆಂಡತಿ ಇಬ್ಬರೂ ಬರಬೇಕು ಎಂದು ಅವಳೇ ಕರೆದಳು.

ಅಂದು ಸಂಜೆ ಆರೂವರೆಗೆ ಚೆನ್ನಿಯಪ್ಪನ್ ಮಗ್ಗ ನಿಲ್ಲಿಸಿ, ಬಿಳಿ ವೇಷ್ಟಿ ಉಟ್ಟು ಮಹಡಿ ಹತ್ತಿದ. ಪೆರಿಯನಾಯಕಿ ಮುರುಕಿನ ತಟ್ಟೆ ಹಿಡಿದಿದ್ದಳು. ದಿವಾಕರ್ ಮೊದಲೇ ಬಂದಿದ್ದ, ಅವನ ಮುಖ ಅಷ್ಟು ಸರಿ ಇರಲಿಲ್ಲ. ಲೀಸೆ ಬಾಗಿಲು ತೆರೆದಳು.

ಮರದ ತುಂಬ ಮೊಂಬತ್ತಿ. ಬಲ್ಬಲ್ಲ, ಉರಿಯುವ ಮೊಂಬತ್ತಿ. ಕೊಂಬೆ ಕೊಂಬೆಗೆ ತಗಡಿನ ಕ್ಲಿಪ್ಪು, ಕ್ಲಿಪ್ಪಿಗೊಂದು ಬೆಂಕಿ. ನಡುವೆ ಕೆಂಪು ಬಿಳಿ ಕಾಗದದ ಹೃದಯಗಳು ನೇತಾಡುತ್ತಿದ್ದವು. ಕಾರೆನ್ ಬಾಯಿ ತೆರೆದು ನಿಂತಿದ್ದಳು.

ಚೆನ್ನಿಯಪ್ಪನ್ ಕಂಡದ್ದು ಬೇರೆ. ಎರಡು ದಿನದ ಹಿಂದೆ ಕಡಿದ ಮರ, ಅದಕ್ಕೆ ಕಾಗದ, ಕಾಗದದ ಪಕ್ಕ ಬೆಂಕಿ, ಬೆಂಕಿಯ ಕೆಳಗೆ ನೆಲ, ನೆಲದ ಕೆಳಗೆ ಹತ್ತಿ ಸುತ್ತಿದ ಎಂಟು ಮಗ್ಗ. ಮೂಲೆಯಲ್ಲಿ ಒಂದು ಬಕೆಟ್ ನೀರಿತ್ತು. ಅದನ್ನು ಮೊರ್ಟನ್ನೇ ಇಟ್ಟಿದ್ದ. ಬೆಂಕಿಯ ಪಕ್ಕ ನೀರು ಇಡಬೇಕು ಎಂಬ ಬುದ್ಧಿ ಡೆನ್ಮಾರ್ಕಿನಲ್ಲೂ ಇದೆ. ಚೆನ್ನಿಯಪ್ಪನ್ ಅಷ್ಟೆಲ್ಲ ಯೋಚಿಸಲಿಲ್ಲ. ಎತ್ತಿದ, ಸುರಿದ.

ಗುರಿ ತಪ್ಪಲಿಲ್ಲ. ಒಂದು ಮೊಂಬತ್ತಿಯೂ ಉಳಿಯಲಿಲ್ಲ. ಮೊರ್ಟನ್‌ನ ಅಂಗಿಯೂ ನೆನೆಯಿತು.

"ಬುದ್ಧಿ ಐತಾ ನಿಮಗ! ಕೆಳಗ ಎಂಟು ಮಗ್ಗ ಐತೆ! ಸಾಮಿಗೇ ಇಲ್ಲಿ ಕರ್ಪೂರ ಹಚ್ಚಲ್ಲ ನಾನು!"

ಮಗ್ಗ ನಿಂತಿತ್ತಲ್ಲ, ಮೂರು ಬೀದಿಗೂ ಕೇಳಿತು.

ಕಾರೆನ್ ಅಳಲಿಲ್ಲ. ಮರದ ಹತ್ತಿರ ಹೋಗಿ ಕಾಗದದ ಹೃದಯಗಳನ್ನು ಒಂದೊಂದಾಗಿ ಬಿಡಿಸಿ ಅಂಗೈಯಲ್ಲಿ ಇಟ್ಟುಕೊಂಡಳು. ಬೆರಳ ಸಂದಿಯಿಂದ ಕೆಂಪು ನೀರು ಇಳಿಯಿತು. ಲೀಸೆ ಕುರ್ಚಿಯ ಮೇಲೆ ಕುಳಿತುಬಿಟ್ಟಳು. ಪೆರಿಯನಾಯಕಿ ಮುರುಕಿನ ತಟ್ಟೆಯನ್ನು ಎಲ್ಲಿಡುವುದು ಎಂದು ತಿಳಿಯದೆ ವಾಪಸ್ಸು ತಂದಳು.

ಮೆಟ್ಟಿಲ ಕೆಳಗೆ ದಿವಾಕರ್ ಸಿಕ್ಕಿಬಿದ್ದ.

"ಮೊಂಬತ್ತಿ ವಿಷಯ ನಿನಗ ಗೊತ್ತಿತ್ತಾ?"

"ಗೊತ್ತಿತ್ತು."

"ಯಾಕ ಹೇಳಲಿಲ್ಲ?"

"ಹೇಳಿದ್ರೆ ನೀವು ಮರಾನೇ ತರ್ತಿರಲಿಲ್ಲ."

"ತರ್ತಿರಲಿಲ್ಲ!"

"ಅದಕ್ಕೇ ಹೇಳಲಿಲ್ಲ."

ಚೆನ್ನಿಯಪ್ಪನ್ ಇನ್ನೂ ಜೋರಾಗಿ ಬೈದ.

ಮರುದಿನ ಬೆಳಿಗ್ಗೆ ಮಹಡಿಯ ಬಟ್ಟೆ ಹಗ್ಗದ ಮೇಲೆ ಹದಿನೆಂಟು ಹೃದಯಗಳು ಒಣಗುತ್ತಿದ್ದವು. ಬಿಳಿಗೆ ಕೆಂಪು ಹತ್ತಿ ಎಲ್ಲ ವೀಳ್ಯದೆಲೆ ಅಗಿದು ಉಗಿದ ಬಣ್ಣ. ಪೆರಿಯನಾಯಕಿ ಕಾಫಿ ತಂದು ಕುಕ್ಕಿದಳು.

"ಏನುಂಗ, ಅದು ಆಯಮ್ಮನ ಪಾಟಿ, ಅವ್ವನ ಅವ್ವ, ಮಾಡಿದ್ದಂತೆ. ಪಾಟಿ ಸತ್ತು ಹನ್ನೊಂದು ವರ್ಷ ಆಯ್ತಂತೆ. ಯಾವ ದೇಶಕ್ಕೆ ಹೋದ್ರೂ ಅವು ಇರೋ ಪೆಟ್ಟಿಗೆ ಕೈಯಲ್ಲೇ ಹಿಡ್ಕೊಂಡು ಹೋಗ್ತಿದ್ರಂತೆ. ದಿವಾಕರ್ ತಂಬಿ ಹೇಳಿದ."

"ಕಾಗದ ತಾನೆ? ಅಂಗಡೀಲಿ ಸಿಗ್ತದೆ."

"ಅಂಗಡೀದಲ್ಲ. ಕೈಯಲ್ಲಿ ನೇಯ್ದದ್ದಂತೆ."

"ನೇಯ್ದದ್ದಾ?" ಎಂದ ಚೆನ್ನಿಯಪ್ಪನ್. ಕಾಫಿ ಕುಡಿಯುವುದು ನಿಂತಿತು.

ಸಂಜೆ ಐದೂವರೆಗೆ ತಾರಿನ ಪೆಟ್ಟಿಗೆಯನ್ನು ಹೊಸ್ತಿಲಿಗೆ ಸರಿಸಿದ. ಹುಡುಗಿ ಬರಲಿಲ್ಲ. ಇಪ್ಪತ್ತಾರಕ್ಕೂ ಬರಲಿಲ್ಲ. ಇಪ್ಪತ್ತೇಳಕ್ಕೆ ಅವನು ಬೇರೆ ಕೆಲಸವಿದ್ದವನ ಹಾಗೆ ಮೆಟ್ಟಿಲ ಹತ್ತಿರ ಎರಡು ಸಲ ಹೋಗಿ ಬಂದ. ಮೇಲೆ ಚಪ್ಪಲಿ ಇದ್ದವು, ಸದ್ದಿರಲಿಲ್ಲ. ಅಂದೇ ದಿವಾಕರ್ ಇನ್ನೊಂದು ಸುದ್ದಿ ತಂದ, ಅಂಚು ತೇಯ್ದೇ ತಂದ: "ಸುಮ್ನೆ ಕೇಳಿದ್ರು ಅಷ್ಟೇ ಯಜಮಾನ್ರೇ, ಸಿಂಗಾನಲ್ಲೂರಿನ ಫ್ಲಾಟ್ ಇನ್ನೂ ಖಾಲಿ ಇದೆಯಾ ಅಂತ."

"ಹೋಗಲಿ. ನನಗೇನು? ಬೇರೆಯವರು ಬರ್ತಾರೆ" ಎಂದ ಚೆನ್ನಿಯಪ್ಪನ್. ಬೇರೆಯವರು ಬರುವುದು ನಿಜ. ತಾರು ಜೋಡಿಸುವವರು ಬರುತ್ತಾರೆ ಎಂದು ಯಾರೂ ಹೇಳಲಾರರು.

ಪೆರಿಯನಾಯಕಿ ಅವನ ಬಾಯಿ ಬಲ್ಲವಳು. "ಮೇಲ ಹೋಗಿ, ತಪ್ಪಾಯ್ತು ಅಂತ ಒಂದು ಮಾತು ಹೇಳಿದ್ರೆ ಹಲ್ಲು ಉದುರಿ ಬೀಳ್ತದಾ?"

"ತಪ್ಪು ಮಾಡಿದ್ರ ತಾನೆ ಹೇಳೋದು? ಬೆಂಕಿ ಆರಿಸಿದ್ದು ತಪ್ಪಾ?"

"ಬೆಂಕಿ ಆರಿಸಿದ್ದು ತಪ್ಪಲ್ಲ. ಕೂಸಿನ ಮುಖ ಆರಿಸಿದ್ದು?"

ಅವನು ಎದ್ದು ಹೋದ. ಗಾಳಿಗೆ ಹಗ್ಗದಿಂದ ಒಂದು ಹೃದಯ ಕಳಚಿ ಅಂಗಳಕ್ಕೆ ಬಿದ್ದಿತ್ತು. ಎತ್ತಿಕೊಂಡು ಕಣ್ಣ ಹತ್ತಿರ ಹಿಡಿದ. ಕೆಂಪು ಪಟ್ಟಿ, ಬಿಳಿ ಪಟ್ಟಿ, ಒಂದರ ಮೇಲೆ ಒಂದು. ಹಾಸು, ಹೊಕ್ಕು. ಇದನ್ನು ಅವನು ಕಣ್ಣು ಮುಚ್ಚಿ ಮಾಡಬಲ್ಲ. ನಲವತ್ತು ವರ್ಷದಲ್ಲಿ ಎಷ್ಟು ಮೈಲಿ ಬಟ್ಟೆ ನೇಯ್ದಿರಬಹುದು! ಅಂಗೈ ಅಗಲದ ಕಾಗದ ಯಾವ ಲೆಕ್ಕ? ಹದಿನೆಂಟೂ ಮಾಡಿ ಮೇಲೆ ಕಳಿಸಿದರೆ ಬಾಯಿ ಬಿಡುವ ಕೆಲಸವೇ ಇಲ್ಲ.

ಮದುವೆ ಪತ್ರಿಕೆಗಳ ಕಟ್ಟಿನಿಂದ ಕೆಂಪು ಒಂದು, ಬಿಳಿ ಒಂದು ತೆಗೆದ. ಮಡಿಸಿದ, ಪಟ್ಟಿ ಸೀಳಿದ, ಜಗಲಿಯ ಮೇಲೆ ಕುಳಿತು ಒಂದು ಮೇಲೆ ಒಂದು ಕೆಳಗೆ ನೇಯ್ದ. ಹತ್ತು ನಿಮಿಷದಲ್ಲಿ ಆಯಿತು. ಹೆಂಡತಿಯನ್ನು ಕರೆದು ತೋರಿಸಿದ. ಅವಳು ಹಗ್ಗದ ಮೇಲಿನ ಹೃದಯಗಳನ್ನು ಚೆನ್ನಾಗಿ ನೋಡಿದ್ದವಳು.

"ಅದು ಚೀಲದ ಹಾಗೆ ಬಾಯಿ ತೆಗೀತದೆ. ಒಳಗ ಮಿಠಾಯಿ ಹಾಕ್ತಾರಂತೆ. ಇದು ತೆಗೀತದಾ ನೋಡ್ರಿ" ಎಂದು ಒಂದು ಕಡಲೆ ಮಿಠಾಯಿ ತಂದು ತುರುಕಿದಳು. ಹೃದಯ ನಾಲ್ಕು ಕಡೆ ಬಿಚ್ಚಿಕೊಂಡು ಮಿಠಾಯಿ ಅವನ ಮಡಿಲಿಗೆ ಬಿತ್ತು.

ಎರಡನೆಯದೂ ಹಾಗೇ. ಮೂರನೆಯದು ಹರಿಯಿತು. ನಾಲ್ಕನೆಯದನ್ನು ಅವನೇ ಹರಿದ. ಮರುದಿನ ಮಗ್ಗ ಬಿಟ್ಟು ಬೆಳಿಗ್ಗೆಯಿಂದ ಕುಳಿತ. ಮಧ್ಯಾಹ್ನಕ್ಕೆ ಊರಿನ ಎಂಟು ಮದುವೆಗಳು ಜಗಲಿಯ ಮೇಲೆ ಚೂರಾಗಿ ಬಿದ್ದಿದ್ದವು. ಕಾಗದ ಸರಿ ಇಲ್ಲ ಎಂದ. ಕತ್ತರಿ ಸರಿ ಇಲ್ಲ ಎಂದ. ಡೆನ್ಮಾರ್ಕಿನ ಪಾಟಿಯನ್ನೂ ಒಂದು ಮಾತು ಅಂದ. ಕೊನೆಗೆ ಕತ್ತರಿಯನ್ನು ಅಂಗಳಕ್ಕೆ ಎಸೆದ.

ಮೆಟ್ಟಿಲ ಮೇಲಿಂದ ಸಣ್ಣ ದನಿ ಬಂತು. ತಮಿಳಿನಲ್ಲಿ.

"ತಾತಾ, ಅದು ತಪ್ಪು."

ಕಾರೆನ್ ಆರನೇ ಮೆಟ್ಟಿಲ ಮೇಲೆ ಕುಳಿತಿದ್ದಳು. ಯಾವಾಗಿನಿಂದ ಕುಳಿತಿದ್ದಳೋ. ಚೆನ್ನಿಯಪ್ಪನ್‌ಗೆ ತಪ್ಪು ಎಂದು ಮುಖಕ್ಕೆ ಹೇಳಿದವರು ಸೋಮನೂರಿನಲ್ಲಿ ಕಡಿಮೆ, ಹೇಳಿ ಅಲ್ಲೇ ಕುಳಿತವರು ಇನ್ನೂ ಕಡಿಮೆ.

"ಏನು ತಪ್ಪು? ಹಾಸು ಹೊಕ್ಕು ಸರಿಯಾಗಿಯೇ ಇದೆ."

"ಮೇಲೆ ಕೆಳಗೆ ಅಲ್ಲ. ಒಳಗೆ ಹೊರಗೆ." ಅವಳು ಅಷ್ಟಕ್ಕೇ ನಿಲ್ಲಿಸಿದಳು. ಅವನು ಮತ್ತೆ ತಪ್ಪುವುದನ್ನು ನೋಡಲಾರದೆ ಒಂದು ಮೆಟ್ಟಿಲು ಇಳಿದಳು. ಮತ್ತೆ ಒಂದು. "ಮಡಿಸಿದ ಪಟ್ಟಿಗೆ ಹೊಟ್ಟೆ ಇದೆ ಅಲ್ಲವಾ? ಕೆಂಪು ಬಿಳಿಯ ಹೊಟ್ಟೆಯೊಳಗೆ ಹೋಗಬೇಕು. ಆಮೇಲೆ ಬಿಳಿ ಕೆಂಪಿನ ಹೊಟ್ಟೆಯೊಳಗೆ."

ಜಗಲಿಗೆ ಬಂದು ಕುಳಿತು ಅವನ ಕೈಯಿಂದ ಕಾಗದ ತೆಗೆದುಕೊಂಡಳು. ತೋರಿಸಿದಳು. ಎಲ್ಲ ಬಿಚ್ಚಿ, ಈಗ ನೀನು ಮಾಡು ಎಂದಳು. ಅವನ ದಪ್ಪ ಬೆರಳು ಎರಡನೇ ಪಟ್ಟಿಯಲ್ಲಿ ತಪ್ಪಿದಾಗ ಮಣಿಗಂಟಿನ ಮೇಲೆ ತಟ್ಟಿದಳು. ಚೆನ್ನಿಯಪ್ಪನ್ ಬಯ್ಯಲು ಬಾಯಿ ತೆರೆದು, ಮುಚ್ಚಿಕೊಂಡ. ಐದನೇ ಸಲಕ್ಕೆ ಹೃದಯವೊಂದು ಬಾಯಿ ತೆರೆಯಿತು. ಪೆರಿಯನಾಯಕಿ ಮಿಠಾಯಿ ಹಾಕಿದಳು, ನಿಂತಿತು.

ಹುಡುಗಿ ಅದನ್ನು ನೋಡಿ, "ಇದು ಪಾಟಿಯದಲ್ಲ" ಎಂದಳು. ಎದ್ದು ಮಿಠಾಯಿಯನ್ನೂ ಮುಟ್ಟದೆ ಮೆಟ್ಟಿಲು ಹತ್ತಿ ಹೋದಳು. ಶೆಡ್ಡಿನ ಕಡೆ ತಿರುಗಿಯೂ ನೋಡಲಿಲ್ಲ.

ಚೆನ್ನಿಯಪ್ಪನ್ ಅಂಗಳಕ್ಕೆ ಎಸೆದಿದ್ದ ಕತ್ತರಿ ಎತ್ತಿಕೊಂಡ. ಪಾಟಿಯನ್ನು ವಾಪಸ್ಸು ತರುವುದು ಅವನ ಕೈಯಲ್ಲಿಲ್ಲ. ಅವನ ಕೈಯಲ್ಲಿರುವುದು ಬಟ್ಟೆ. ತಿರುಪ್ಪೂರಿನಲ್ಲಿ ಗೊತ್ತಿರುವ ಸಾಯದ ಪಟ್ಟರೆಗೆ, ಅಂದರೆ ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಗೆ ಹೋಗಿ, ತನ್ನ ಮಗ್ಗದ ಬಿಳಿ ಬಟ್ಟೆ ಎರಡು ಮೊಳಕ್ಕೆ ಕೆಂಪು ಹಾಕಿಸಿಕೊಂಡು ಬಂದ. ಮನೆಯಲ್ಲಿ ಸೋಡಾ ಹಾಕಿ ಮೂರು ಸಲ ಕುದಿಸಿದ, ಕಲ್ಲಿಗೆ ಉಜ್ಜಿದ, ಬಿಳಿ ಬಟ್ಟೆಯ ಜೊತೆ ಒಂದು ಹೊತ್ತು ನೆನೆಸಿದ. ಬಿಳಿ ಬಿಳಿಯಾಗಿಯೇ ಉಳಿಯಿತು. ಆಮೇಲೆ ಎರಡಕ್ಕೂ ದಪ್ಪ ಗಂಜಿ ಹಾಕಿ, ರಟ್ಟಿನ ಹಾಗೆ ಒಣಗಿಸಿ ಪಟ್ಟಿ ಕತ್ತರಿಸಿದ. ಮೂರು ದಿನದಲ್ಲಿ ಹದಿನೆಂಟು ಹೃದಯ.

ಅಷ್ಟರಲ್ಲಿ ದಿವಾಕರ್ ಹೇಳಿದ: ಜನವರಿ ಐದರ ಸಂಜೆ ಉಳಿದ ಮೊಂಬತ್ತಿಗಳನ್ನು ಕೊನೆಯ ಸಲ ಹಚ್ಚಿ ಹಬ್ಬ ಮುಗಿಸುವುದು ಅವರ ಪದ್ಧತಿ. ಈ ಸಲ ಬೇಡ ಎಂದಿದ್ದಾರೆ.

"ಬೇಡ ಅನ್ನೋಕೆ ಅವರು ಯಾರು?" ಎಂದ ಚೆನ್ನಿಯಪ್ಪನ್. "ಒಣಮರಕ್ಕೆ ಬೇಡ. ಬೇರು ಇರೋ ಮರಕ್ಕ ಯಾಕ ಬೇಡ?"

ಪೆರಿಯನಾಯಕಿಯ ತಮ್ಮ ಮಾರಿಮುತ್ತು ವಾಲ್ಪಾರೈಯ ಟೀ ಎಸ್ಟೇಟಿನಲ್ಲಿ ಇದ್ದ. ಅಲ್ಲಿನ ನರ್ಸರಿಯಲ್ಲಿ ಸೈಪ್ರೆಸ್ ಗಿಡ ಸಿಗುತ್ತದೆ. ಚೆನ್ನಿಯಪ್ಪನ್ ಬಸ್ಸು ಹತ್ತಿ ಹೋದ. ಎದೆಯೆತ್ತರದ ಗಿಡವನ್ನು ಮಣ್ಣಿನ ಕುಂಡದ ಸಮೇತ ತೊಡೆಯ ಮೇಲೆ ಇಟ್ಟುಕೊಂಡು ನಲವತ್ತು ಹೇರ್‌ಪಿನ್ ತಿರುವು ಇಳಿದ. ಕಂಡಕ್ಟರ್ ಏನೋ ಹೇಳಲು ಬಂದವನು ಇವನ ಮುಖ ನೋಡಿ ಮುಂದೆ ಹೋದ. ಪಕ್ಕದಲ್ಲಿ ಕುಳಿತವರಿಗೆ ಪೊಳ್ಳಾಚಿಯವರೆಗೂ ಎಲೆ ಚುಚ್ಚಿತು.

ಐದನೇ ತಾರೀಕು ಸಂಜೆ ಅವನು ಗಿಡವನ್ನು ಹೆಗಲ ಮೇಲೆ ಹೊತ್ತು ಮಹಡಿ ಹತ್ತಿ ಬಾಗಿಲಲ್ಲಿ ನಿಂತ. ಹಿಂದೆ ಪೆರಿಯನಾಯಕಿ, ಕೈಯಲ್ಲಿ ಹೃದಯಗಳ ಬುಟ್ಟಿ, ಒಂದೊಂದರಲ್ಲೂ ಕಡಲೆ ಮಿಠಾಯಿ. ಅದರ ಹಿಂದೆ ದಿವಾಕರ್, ಎರಡು ಕೈಯಲ್ಲಿ ಎರಡು ಬಕೆಟ್ ನೀರು.

ಲೀಸೆ ಬಾಗಿಲು ತೆರೆದಳು. ಕಾರೆನ್ ಅವಳ ಹಿಂದಿನಿಂದ ಇಣುಕಿದಳು.

"ಹೇಳು ತಂಬಿ," ಎಂದ ಚೆನ್ನಿಯಪ್ಪನ್, "ಇದು ಸಾಯ ಬಿಡಲ್ಲ. ಮೂರು ಸಲ ಕುದಿಸೀನಿ. ಮರ ಹಸಿ, ಬೇರು ಐತೆ. ನೀರು ನಾನೇ ನೋಡ್ಕೊತೀನಿ. ಹಚ್ಚಲಿ."

ದಿವಾಕರ್ ಇಂಗ್ಲಿಷಿನಲ್ಲಿ ಹೇಳಿದ. ಚೆನ್ನಿಯಪ್ಪನ್ ಆಡಿದ್ದಕ್ಕಿಂತ ಮೂರು ಪಾಲು ಉದ್ದ ಇತ್ತು. ನಡುವೆ 'ಸಾರಿ' ಎಂಬ ಮಾತು ಎರಡು ಸಲ ಬಂತು. ಆ ಒಂದು ಇಂಗ್ಲಿಷ್ ಮಾತು ಚೆನ್ನಿಯಪ್ಪನ್‌ಗೂ ಗೊತ್ತು. ಅವನು ಗೋಡೆಯ ಕಡೆ ನೋಡಿದ, ತಡೆಯಲಿಲ್ಲ.

ಲೀಸೆ ಬುಟ್ಟಿಯಿಂದ ಒಂದು ಹೃದಯ ಎತ್ತಿ, ತಿರುಗಿಸಿ, ಬಾಯಿ ತೆರೆದು ನೋಡಿದಳು. ಆಮೇಲೆ ಸೀದಾ ಒಂದು ಬಕೆಟ್ಟಿನಲ್ಲಿ ಮುಳುಗಿಸಿ ಎತ್ತಿದಳು. ಮಿಠಾಯಿ ನೆನೆಯಿತು. ನೀರು ತಿಳಿಯಾಗಿಯೇ ಇತ್ತು. ಅವಳು ಏನೋ ಹೇಳಿದಳು.

"ಏನಂತೆ?"

"ಒಳಗೆ ಬನ್ನಿ ಅಂತೆ" ಎಂದ ದಿವಾಕರ್.

ಪಾಟಿಯ ಕೆಂಪು ಹತ್ತಿದ ಹೃದಯಗಳನ್ನೂ ಲೀಸೆ ಕಟ್ಟಿದಳು, ಇವುಗಳನ್ನೂ ಕಟ್ಟಿದಳು. ಗಿಡ ಸಣ್ಣದು, ಮೂವತ್ತಾರು ಹೃದಯಕ್ಕೆ ಕೊಂಬೆ ಸಾಲದೆ ಬಾಗಿತು. ಹಿಡಿಸಿದ್ದು ಒಂಬತ್ತೇ ಮೊಂಬತ್ತಿ. ಪ್ರತಿಯೊಂದನ್ನು ಹಚ್ಚುವಾಗಲೂ ಚೆನ್ನಿಯಪ್ಪನ್ ಕೆಮ್ಮಿದ. ಅವರು ಕೈ ಹಿಡಿದು ಸುತ್ತತೊಡಗಿದರು. ಮೊರ್ಟನ್, ಲೀಸೆ, ಕಾರೆನ್, ದಿವಾಕರ್, ನಡುವೆ ಪೆರಿಯನಾಯಕಿ. ಅವರ ಹಾಡು ಬಹಳ ಉದ್ದ. ಮೊರ್ಟನ್ ಕೈ ಚಾಚಿ ಕರೆದ. "ನನಗ ಕೆಲಸ ಐತೆ" ಎಂದು ಚೆನ್ನಿಯಪ್ಪನ್ ಎರಡು ಬಕೆಟ್ಟಿನ ನಡುವೆ ನಿಂತೇ ಇದ್ದ. ಮುಂದಿನ ವರ್ಷಗಳಲ್ಲೂ ಅವನ ಜಾಗ ಅದೇ. ಮರಕ್ಕೆ ಬೇರು ಇರಬೇಕು, ಕುಂಡಕ್ಕೆ ಅವನ ಕಣ್ಣೆದುರೇ ನೀರು ಹಾಕಬೇಕು, ಅವನು ಹೂಂ ಎಂದ ಮೇಲೇ ಕಡ್ಡಿ ಗೀರಬೇಕು. ಕಾಂಪೌಂಡಿನಲ್ಲಿ ಈಗ ಮೂರು ಸೈಪ್ರೆಸ್ ಇವೆ. ಇನ್ನೊಂದು ಸೋಮನೂರಿನ ಬಿಸಿಲು ತಡೆಯದೆ ಒಣಗಿತು. ಒಣಗಿದ ದಿನವೇ ಅದನ್ನು ಕಿತ್ತು ದೂರ ಹಾಕಿದ.

ಆದರೆ ಆ ವರ್ಷ, ಅಂದು ಸಂಜೆ, ಮೊಂಬತ್ತಿ ಆರಿಸುವವರೆಗೂ ಕಾರೆನ್ ಅವನ ಹತ್ತಿರ ಒಂದು ಮಾತೂ ಆಡಿರಲಿಲ್ಲ. ಅವನೂ ಕೇಳಿರಲಿಲ್ಲ.

ಮರುದಿನ ಸಂಜೆ ಐದೂವರೆಗೆ ಅವನು ಪೆಟ್ಟಿಗೆಯನ್ನು ಹೊಸ್ತಿಲಿಗೆ ಸರಿಸಲಿಲ್ಲ. ಸರಿಸಿದರೆ ಕಾಯುತ್ತಿದ್ದಾನೆ ಎಂದಾಗುತ್ತದೆ. ಮಗ್ಗದ ಹಿಂದೆ ಬಗ್ಗಿ ಹರಿದ ಎಳೆ ಹುಡುಕುತ್ತಿದ್ದ. ಹಿಂದೆ ನೆಲದ ಮೇಲೆ ಪೆಟ್ಟಿಗೆ ಎಳೆಯುವ ಸದ್ದು, ಆಮೇಲೆ ಅದನ್ನು ಪೂರ್ತಿ ಬೋರಲು ಸುರಿದ ಸದ್ದು. ಹನ್ನೆರಡು ದಿನ ರಾಶಿ ಬಿದ್ದಿದ್ದ ತಾರುಗಳು ಹೊಸ್ತಿಲ ತುಂಬ ಉರುಳಿದವು.

"ತಾತಾ," ಎಂದಳು ಕಾರೆನ್, ಮಗ್ಗಗಳ ಸದ್ದನ್ನೂ ಮೀರಿ, "ಇದೆಲ್ಲ ತಪ್ಪು!"

"ತಪ್ಪೇ" ಎಂದ ಚೆನ್ನಿಯಪ್ಪನ್. ಮಗ್ಗ ಓಡುತ್ತಿತ್ತು, ಪಕ್ಕದ ಮನೆಗೂ ಕೇಳಲಿಲ್ಲ.